ಕಡುಬಿಲ್ಲದ ಎಡೆ

ಎಂ.ಎ. ಓದುತ್ತಿದ್ದಾಗ ಹಾಸ್ಟೆಲಿನ ಗೆಳತಿಯೊಬ್ಬಳು ಹದಿಹರೆಯದವರಿಗೆಂದು ಬರೆದ ಕಾದಂಬರಿಯೊಂದನ್ನು ಕೊಟ್ಟು, "ಅಳದೆ ಮುಗಿಸಕ್ಕೆ ಆಗಲ್ಲ ನೋಡು" ಅಂದಳು. ತಮ್ಮನ ಸಾವಿಗೆ ತಾನೇ ಕಾರಣವೆಂದು ಕೊರಗುವ ಹುಡುಗಿಯ ಕಥೆ. ನಾನು ತಿಂಗಳುಗಟ್ಟಲೆ ಅದನ್ನು ತೆರೆಯಲಿಲ್ಲ. ನನ್ನ ಅಕ್ಕ ಹಳೇಬೀಡಿನ ದೊಡ್ಡಮ್ಮನ ಮನೆಯಿಂದ ಬರುವಾಗ ಬಸ್ಸು ಮಗುಚಿ ತೀರಿಕೊಂಡವಳು. ಬರುವಾಗ ಜಡೆಗೆ ಕೆಂಪು ಟೇಪು ತಾ ಎಂದಿದ್ದವಳು ನಾನು. ಅದನ್ನು ಕೊಳ್ಳಲು ಹೋಗಿಯೇ ಮುಂಚಿನ ಬಸ್ಸು ತಪ್ಪಿತೆಂದು ನಂಬಿದ್ದೆ. ಯಾರಿಗೂ ಹೇಳಿರಲಿಲ್ಲ.

ಪಿತೃಪಕ್ಷಕ್ಕೆ ಅರಸೀಕೆರೆಗೆ ಬರುವಾಗ ರೈಲಿನಲ್ಲಿ ಕೊನೆಗೂ ಓದಿದೆ. ಹುಡುಗಿ ಊಟ ಬಿಡುತ್ತಾಳೆ, ಮಳೆಯಲ್ಲಿ ನಿಲ್ಲುತ್ತಾಳೆ, ಕೊನೆಗೆ ತಮ್ಮ ಕನಸಿನಲ್ಲಿ ಬಂದು ಕ್ಷಮಿಸುತ್ತಾನೆ. ನನ್ನ ಕಣ್ಣು ಒದ್ದೆಯೂ ಆಗಲಿಲ್ಲ. ಇಷ್ಟಕ್ಕೆ ಹೆದರಿದ್ದೆನಲ್ಲ ಎಂದು ಮನಸ್ಸು ಸ್ವಲ್ಪ ಹಗುರಾಯಿತು.

ಮನೆಯಲ್ಲಿ ಅಮ್ಮನೂ ಅದನ್ನು ಓದಿ ಮುಗಿಸಿ ಕನ್ನಡಕ ತೆಗೆದಳು.

"ಏನೇ ಇದು? ಇಷ್ಟುದ್ದ ಅತ್ತವಳು ಪಕ್ಕದ ರೂಮಲ್ಲಿರೋ ಅಮ್ಮನ್ನ ಒಂದ್ ಮಾತು ಕೇಳಬಾರದಾ? ಕೇಳಿದ್ರೆ ಪುಸ್ತಕ ಬೇಗ ಮುಗಿದೋಗುತ್ತೆ ಅಂತ ಇರ್ಬೇಕು!"

ನಾನು ಬೇಳೆ ಆರಿಸುತ್ತಿದ್ದೆ. ತಲೆ ಎತ್ತದೆ ಟೇಪಿನ ವಿಷಯ ಹೇಳಿದೆ.

ಅಮ್ಮ ಪುಸ್ತಕ ಬದಿಗಿಟ್ಟಳು. "ಟೇಪು ಹಿಂದಿನ ದಿನಾನೇ ತಗೊಂಡಿದ್ಲು ಕಣೇ. ಕಡುಬು ಬೇಯ್ತಾ ಐತೆ, ತಿನ್ಕೊಂಡು ಹೋಗು ಅಂತ ದೊಡ್ಡಮ್ಮ ಕೂರಿಸ್ಕೊಂಡ್ರು. ಬಸ್ ತಪ್ಪಿದ್ದು ಅದಕ್ಕೆ. ಎಡೇಲಿ ಕಡುಬು ಯಾಕೆ ಇಡಲ್ಲ ಅಂದ್ಕೊಂಡಿದ್ದೆ?"

ನಮ್ಮಲ್ಲಿ ಹೋದವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯಲ್ಲಿ ಬಡಿಸಿ ಎಡೆ ಇಟ್ಟು, ಅವರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ಹೊರಗೆ ಕಾಯುತ್ತೇವೆ. ಅಕ್ಕನಿಗೆ ಕಡುಬೆಂದರೆ ಪ್ರಾಣ. ಅದೊಂದು ಮಾತ್ರ ಎಂದೂ ಇರುತ್ತಿರಲಿಲ್ಲ. ಅಮ್ಮ ಮರೆತಿದ್ದಾಳೆಂದು ನಾನು ಒಳಗೇ ಬೇಸರಪಟ್ಟಿದ್ದೆ. ಎಡೆ ಇಡುವ ದಿನ ಪ್ರತಿವರ್ಷ ದೊಡ್ಡಮ್ಮನೂ ನಮ್ಮ ಮನೆಗೆ ಬರುತ್ತಿದ್ದರು. ಅಮ್ಮ ಅವರ ಮುಖ ನೋಡಿ ಕಡುಬು ಬಿಟ್ಟಿದ್ದಳು.

"ಬಸ್ಸು ಮಗುಚಿದ್ದು ಡ್ರೈವರ್ ತಿರುವಲ್ಲಿ ಜೋರಾಗಿ ಬಂದಿದ್ದಕ್ಕೆ. ಟೇಪಿಗೂ ಅಲ್ಲ, ಕಡುಬಿಗೂ ಅಲ್ಲ" ಅಂದಳು ಅಮ್ಮ.

ಅಮಾವಾಸ್ಯೆಯ ಬೆಳಿಗ್ಗೆ ದೊಡ್ಡಮ್ಮ ಬಂದಾಗ ಟೇಪಿನ ವಿಷಯ ಅವರಿಗೂ ಹೇಳಿದೆ.

"ಅಯ್ಯೋ ಹುಚ್ಚಿ, ಇಷ್ಟು ವರ್ಷ ನೀನೂನಾ?" ಎಂದು ಸೆರಗಿನಲ್ಲಿ ಮೂಗೊರೆಸಿಕೊಂಡರು. ಆಮೇಲೆ ಅಕ್ಕಿಹಿಟ್ಟು ಎಲ್ಲಿದೆ ಎಂದು ಕೇಳಿದರು.

ಎಡೆ ಇಟ್ಟು ಹೊರಗೆ ನಿಂತಾಗ ಬಾಗಿಲ ಸಂದಿಯಿಂದ ಕಡುಬಿನ ಬಿಸಿ ವಾಸನೆ ಬರುತ್ತಿತ್ತು. ಒಳಗೆ ಹೋಗಲು ನಾನು ಚಿಲಕಕ್ಕೆ ಕೈ ಹಾಕಿದೆ.

"ತಡಿಯೇ," ಅಂದರು ದೊಡ್ಡಮ್ಮ, "ಅವಳು ನಿಧಾನಕ್ಕೆ ತಿನ್ನೋಳು."