ತಿರುಗಿ ಹೋದ ಲಕೋಟೆ

ಕುರುಗೋಡಿನಲ್ಲಿ ಅಪ್ಪ ಕಾಗದ ಓದದೆ ಹೆಬ್ಬೆಟ್ಟೊತ್ತಿ ಅಂಗಡಿ ಕಳೆದುಕೊಂಡದ್ದನ್ನು ಕಣ್ಣಾರೆ ಕಂಡವಳು ಶಂಶಾದಬೀ. ಬಳ್ಳಾರಿಯ ಬಾಡಿಗೆ ಮನೆಯಲ್ಲಿ ಇಪ್ಪತ್ತು ವರ್ಷ ಜೀನ್ಸ್ ಪ್ಯಾಂಟು ಹೊಲಿದಳು, ಯಾರ ಕಾಗದಕ್ಕೂ ಸಹಿ ಹಾಕಲಿಲ್ಲ. ಮನೆ ಬಿಡಿಸಲು ಮಾಲೀಕ ಕೇಸು ಹಾಕಿದಾಗ, ಕೋರ್ಟಿನಿಂದ ಬಂದ ಲಕೋಟೆಯನ್ನೂ ಬೇಡವೆಂದು ಅಂಚೆಯವನ ಕೈಲೇ ತಿರುಗಿ ಕಳಿಸಿದಳು. ತನ್ನ ಸಹಿಯಿಲ್ಲದೆ ಅದ್ಯಾವ ಕೇಸು ನಡೆದೀತು ಎಂಬ ಧೈರ್ಯ ಅವಳದು.

ಮುಂದಿನ ವರ್ಷ ಕೋರ್ಟಿನ ಅಮೀನ ಪೊಲೀಸರೊಂದಿಗೆ ಬಾಗಿಲಿಗೇ ಬಂದ.

“ನಾನು ಆ ಕಾಗದ ಮುಟ್ಟೇ ಇಲ್ಲಲ್ರಿ,” ಎಂದಳು.

“ಬ್ಯಾಡ ಅಂದ್ರೂ ಮುಟ್ಟಿದಂಗ ಲೆಕ್ಕ, ಅಮ್ಮಾ. ನೀವು ಬರಲಿಲ್ಲ, ತೀರ್ಪು ಆಗಿಹೋತು.”

ಹೊಲಿಗೆ ಯಂತ್ರ, ಪಾತ್ರೆ, ಟ್ರಂಕು ಬೀದಿಗೆ ಬಂದವು. ಅಮೀನ ಸಾಮಾನಿನ ಪಟ್ಟಿ ಬರೆದು ಪೆನ್ನು ಚಾಚಿದ. ಶಂಶಾದಬೀ ಒಂದೊಂದೇ ಅಕ್ಷರ ಓದಿ, ಎಲ್ಲ ಸರಿಯಾಗಿದೆಯೆಂದು ಖಾತ್ರಿ ಮಾಡಿಕೊಂಡು, ಸಹಿ ಹಾಕಿದಳು.