ಮೆಂತ್ಯದ ನೀರಿನಲ್ಲಿ ಮುಳುಗಿದ ಹಡಗು

ಇವತ್ತು ಬೆಳಿಗ್ಗೆ ಪಕ್ಕದ ಮನೆಯವರು ನೆನೆಸಿದ ಹಳೆಯ ಕಾಗದಕ್ಕೆ ಮೆಂತ್ಯ ಹಾಕಿ ಕುಟ್ಟುತ್ತಿದ್ದರು. ಆ ಮುದ್ದೆಯನ್ನು ಕೊಡದ ಬೆನ್ನಿಗೆ ಮೆತ್ತಿ ಒಣಗಿಸಿದರೆ ಬುಟ್ಟಿಯಾಗುತ್ತದೆ. ನಿಮ್ಮ ಮನೆಯಲ್ಲೂ ಒಂದಿರಬಹುದು. ಒಳ್ಳೆಯ ಕೆಲಸವೇ, ನಾನು ಬೇಡ ಅನ್ನುವುದಿಲ್ಲ. ಆದರೆ ಆ ವಾಸನೆ ಮೂಗಿಗೆ ಬಡಿದರೆ ಸಾಕು, ನನಗೆ ಮೈಯೆಲ್ಲ ಉರಿಯುತ್ತದೆ. ಆರು ವರ್ಷವಾಯಿತು, ಇನ್ನೂ ತಣ್ಣಗಾಗಿಲ್ಲ.

ಆಗ ನನಗೆ ಹದಿನೇಳು. ಮಸ್ಕಿಯಲ್ಲಿ ದೊಡ್ಡವ್ವನ ಮನೆಯಲ್ಲಿದ್ದೆ. ದೊಡ್ಡಪ್ಪ ತೀರಿಕೊಂಡಿದ್ದರು, ಒಬ್ಬಳೇ ಮಗಳು ನೀಲಕ್ಕ ಮದುವೆಯಾಗಿ ಸಿಂಧನೂರಿಗೆ ಹೋಗಿದ್ದಳು. ನಿಜಾಮನ ಕಾಲದ ಶಾಲೆಯಲ್ಲಿ ನಾನು ಕಲಿತದ್ದು ಉರ್ದು, ಮಠದಲ್ಲಿ ಕಲಿತದ್ದು ಕನ್ನಡ. ಇಂಗ್ಲಿಷನ್ನು ಮಾತ್ರ ಒಂದು ಹರಕು ನಿಘಂಟು ಇಟ್ಟುಕೊಂಡು ನನಗೆ ನಾನೇ ಕಲಿಸುತ್ತಿದ್ದೆ. ಮೇಷ್ಟ್ರು ಎಷ್ಟು ದಡ್ಡರೋ ಶಿಷ್ಯನೂ ಅಷ್ಟೇ ದಡ್ಡ.

ಹೀಗಿರುವಾಗ ದೊಡ್ಡಪ್ಪನ ಪೆಟ್ಟಿಗೆಯ ತಳದಲ್ಲಿ ಹಾಸಿದ್ದ ಒಂದು ಇಂಗ್ಲಿಷ್ ಪತ್ರಿಕೆ ಸಿಕ್ಕಿತು. ಪೆಟ್ಟಿಗೆ ಲಿಂಗಸುಗೂರಿನಲ್ಲಿ ಇಂಗ್ಲಿಷರ ದಂಡು ಇದ್ದ ಕಾಲದ್ದು. ಪತ್ರಿಕೆ ಅದಕ್ಕಿಂತಲೂ ಹಳೆಯದು, ಏನಿಲ್ಲವೆಂದರೂ ನೂರೈವತ್ತು ವರ್ಷದ್ದು. ಎರಡೇ ಹಾಳೆ. ಎಸ್ ಅಕ್ಷರವನ್ನು ಎಫ್ ಥರ ಅಚ್ಚು ಹಾಕಿದ್ದರು. ಅದು ತಿಳಿಯುವಷ್ಟರಲ್ಲಿ ನಿಘಂಟಿನ ಎಫ್ ಭಾಗ ಕಿತ್ತು ಕೈಗೆ ಬಂದಿತ್ತು. ಹನ್ನೊಂದು ದಿನ ತಿಣುಕಿ ಮೊದಲ ಹಾಳೆ ಓದಿದೆ. ಸಮುದ್ರದ ಮೇಲೆ ಯುದ್ಧ! ಒಂದು ಒಂಟಿ ಹಡಗು, ಬೆನ್ನಟ್ಟಿದ ಮೂರು ಫ್ರೆಂಚ್ ಹಡಗು. ಹಾಯಿ ಹರಿದಿದೆ, ಕಂಬ ಮುರಿದಿದೆ, ಕಪ್ತಾನನ ತೋಳಿಗೆ ಗುಂಡು ಬಿದ್ದಿದೆ. ಅಷ್ಟರಲ್ಲಿ ಗಾಳಿ ನಿಂತುಬಿಟ್ಟಿತು. ಅಲ್ಲಿಗೆ ಹಾಳೆ ಮುಗಿಯಿತು.

ಸಮುದ್ರ ನಾನೂ ನೋಡಿರಲಿಲ್ಲ. ಮುಕ್ಕುಂದದ ಹತ್ತಿರ ಹೊಳೆ ನೋಡಿದ್ದೆ, ಅಷ್ಟೇ. ದೊಡ್ಡವ್ವನಿಗೆ ವಿವರಿಸುವ ಹೊತ್ತಿಗೆ ಸಾಕುಸಾಕಾಯಿತು.

"ಅಲ್ಲೋ, ಹರಗೋಲದಾಗ ಕುಂತು ತೋಪು ಹಾರಿಸಿದ್ರ ಹರಗೋಲ ಮಗಚಂಗಿಲ್ಲೇನು?"

"ಹರಗೋಲಲ್ಲ ದೊಡ್ಡವ್ವ, ಹಡಗು! ನಮ್ಮ ಓಣಿಯಷ್ಟು ಉದ್ದ ಇರತೈತಿ."

"ಓಣಿ ಎಲ್ಲ್ಯಾರ ತೇಲ್ತೈತೇನಲೇ?"

ಆ ಮೊದಲ ಹಾಳೆಯ ಕೊನೆಯ ಸಾಲುಗಳಲ್ಲಿ ತಿಣುಕುತ್ತಿದ್ದಾಗಲೇ ನೀಲಕ್ಕನ ಕಾಗದ ಬಂತು.

"ಓದೋ ಯಪ್ಪಾ, ಏನ್ ಬರದಾಳ ನೋಡು."

"ಈ ಸಾಲೊಂದು ಮುಗೀಲಿ ತಡಿ ದೊಡ್ಡವ್ವ."

ಓಣಿಯಲ್ಲಿ ಓದು ಬಲ್ಲವರು ಇನ್ನೂ ಇಬ್ಬರಿದ್ದರು. "ಮನೀ ಮಾತು ಮಂದಿ ಬಾಯಾಗ ಯಾಕ ಹಾಕಲಿ" ಎಂದು ಅವಳು ಅವರ ಹತ್ತಿರ ಹೋಗಲಿಲ್ಲ. ನಾನು ಕಾಗದವನ್ನು ಗುರುತಿಗೆಂದು ಪತ್ರಿಕೆಯ ಮಡಿಕೆಯಲ್ಲಿ ಸಿಕ್ಕಿಸಿದೆ. ನಾಲ್ಕು ದಿನ ಕೇಳಿದಳು. ನಾಲ್ಕು ದಿನವೂ ನನ್ನ ಸಾಲು ಮುಗಿದಿರಲಿಲ್ಲ.

ಐದನೆಯ ದಿನ ಸಂತೆಕಲ್ಲೂರಿಗೆ ಹೋಗಿ ಬಂದು ನೋಡಿದರೆ ಹಾಸಿಗೆಯ ಕೆಳಗೆ ಪತ್ರಿಕೆಯಿಲ್ಲ.

"ಹಳೇ ಕಾಗದ ಎಲ್ಲಾ ಕೂಡಿಸಿ ನಸಿಕಿನ್ಯಾಗ ನೆನಿ ಹಾಕಿದ್ನಿ," ಎಂದಳು ದೊಡ್ಡವ್ವ ಒನಕೆ ಎತ್ತುತ್ತ. "ನಿಂದು ಭಾಳ ಚಲೋ ಕಾಗದಪ್ಪ, ಅರಿವಿ ಇದ್ದಂಗ ಐತಿ. ಕುಟ್ಟಿ ಕುಟ್ಟಿ ರಟ್ಟಿ ಬಿದ್ದು ಹೋದ್ವು ನೋಡು."

ಒರಳಿಗೆ ಕೈಹಾಕಿದೆ. ಬೆರಳಿಗೆ ಬರೀ ಮೆಂತ್ಯದ ಲೋಳೆ.

"ಮುಂದ ಏನಾತಂತ ನನಗಿನ್ನೂ ಗೊತ್ತಿಲ್ಲ!" ಎಂದು ಕಿರುಚಿದೆ.

"ಸತ್ತು ನೂರೈವತ್ತು ವರ್ಷ ಆದೋರ ಮುಂದಿಂದು ನಿನಗ್ಯಾಕ ಬೇಕು?"

"ನಾ ನಿನ್ನೆ ಓದೀನಿ. ನನ್ನ ಲೆಕ್ಕಕ್ಕ ಅವರಿನ್ನೂ ಬದುಕ್ಯಾರ!"

ಹೀಗೆ ಕೂಗಾಡಿದ ಮೇಲೆ ನೆನಪಾಯಿತು ನೋಡಿ.

"ದೊಡ್ಡವ್ವ... ನೀಲಕ್ಕನ ಕಾಗದನೂ ಅದರಾಗ ಇತ್ತು."

ಅವಳು ಒನಕೆ ಕೆಳಗಿಟ್ಟಳು, ಅಷ್ಟೇ.

ಮರುದಿನ ಮೊದಲ ಮೋಟಾರಿಗೆ ಇಬ್ಬರೂ ಸಿಂಧನೂರಿಗೆ ಹೋದೆವು. ನೀಲಕ್ಕ ತುಂಬಿದ ಹೊಟ್ಟೆ ಹೊತ್ತು ಹೊಸ್ತಿಲಲ್ಲೇ ಕೂತಿದ್ದಳು. ಏಳು ತಿಂಗಳು ಮುಗಿಯುವುದರೊಳಗೆ ಬಂದು ಚೊಚ್ಚಲ ಬಾಣಂತನಕ್ಕೆ ಕರೆದುಕೊಂಡು ಹೋಗಿರಿ ಎಂದು ಬರೆದಿದ್ದಳಂತೆ. ಎಂಟಕ್ಕೆ ಬಿದ್ದು ಎರಡು ದಿನವಾಗಿತ್ತು. ಎಂಟರಲ್ಲಿ ಬಸುರಿಯನ್ನು ತವರಿಗೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ.

"ಅಲ್ರೀ ಬೀಗತಿ," ಎಂದಳು ಅವಳ ಅತ್ತೆ, "ಮಗಳ ಮ್ಯಾಗ ಅಕ್ಕರತಿ ಇದ್ದೋರು ಕಾಗದ ಮುಟ್ಟಿದ ಕೂಡ್ಲೇ ಓಡಿ ಬರತಾರ. ಈಗ ಒಂಬತ್ತಕ್ಕ ಬರ್ರಿ."

ನಾನು ಬಾಯಿ ತೆರೆದೆ. ದೊಡ್ಡವ್ವ ನನ್ನ ತೋಳು ಚಿವುಟಿದಳು. "ನಂದಾ ತಪ್ಪು ಯವ್ವಾ," ಎಂದಳು. "ಕೈಗೆ ಬಿಡುವಾಗಲಿಲ್ಲ." ನೀಲಕ್ಕ ಮಾತ್ರ ನನ್ನನ್ನೇ ನೋಡುತ್ತಿದ್ದಳು. ನಮ್ಮ ಮನೆಯಲ್ಲಿ ಕಾಗದ ಓದುವವನು ಯಾರೆಂದು ಅವಳಿಗೆ ಗೊತ್ತಿಲ್ಲವೇ?

ವಾಪಸು ಬರುವಾಗ ದೊಡ್ಡವ್ವ ಮಸ್ಕಿಯ ಗುಡ್ಡ ಕಂಡ ಮೇಲೆ ಒಮ್ಮೆಲೇ ಕೇಳಿದಳು:

"ಆ ಹಡಗ ಏನಾತಲೇ?"

"ಗೊತ್ತಿಲ್ಲ ದೊಡ್ಡವ್ವ."

"ಹ್ಞೂಂ. ಗೊತ್ತಿಲ್ಲದ ಕುಂದ್ರಾದು ಹೆಂಗಿರತೈತಿ, ಈಗ ತಿಳೀತೇನು?"

ಒಂಬತ್ತಕ್ಕೆ ಕರೆತಂದೆವು. ಹೆಣ್ಣು ಕೂಸು, ತಾಯಿ ಮಗು ಇಬ್ಬರೂ ಸುಖವಾಗಿದ್ದರು. ಆದರೆ ನಡುವಿನ ಆ ಒಂದು ತಿಂಗಳು ದೊಡ್ಡವ್ವ ಮೋಟಾರಿನ ಸದ್ದು ಕೇಳಿದಾಗಲೆಲ್ಲ ಬಾಗಿಲಿಗೆ ಹೋಗಿ ಬರುತ್ತಿದ್ದುದನ್ನು ನಾನು ನೋಡಿದ್ದೇನೆ.

ಈಗ ಲಿಂಗಸುಗೂರಿನಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದೇನೆ. ಯಾರ ಕಾಗದ ಬಂದರೂ ನನ್ನ ಹತ್ತಿರವೇ ತರುತ್ತಾರೆ. ಇದನ್ನು ಬರೆಯುತ್ತಿರುವಾಗಲೂ ಹಿಂದಿನ ಓಣಿಯ ಮುದುಕಿಯೊಬ್ಬಳು ಬಂದಳು. ಅರ್ಧ ಬರೆದ ವಾಕ್ಯ ಬಿಟ್ಟು ಎದ್ದೆ. ಮೂರು ಪುಟದ ಕಾಗದ, ಮೂರೂ ಪುಟ ಒಂದು ಎಮ್ಮೆಯ ಮೇಲಿನ ಚಾಡಿ. ತಲೆ ಚಿಟ್ಟು ಹಿಡಿಯಿತು.

"ಮುಂದ ಏನ್ ಬರದಾನ್ರೀ?" ಎಂದಳು ಮುದುಕಿ.

ಬಾಗಿಲಲ್ಲಿ ನಿಂತೇ, ಕೆಳಗಿನ ಸಹಿಯವರೆಗೂ ಓದಿದೆ.