ಬೀಗದಕ್ಕ ಕೊಡದ ಜಾಗ

ನನ್ನ ಗಂಡನ ಅಕ್ಕನನ್ನು ಊರೆಲ್ಲ ಬೀಗದಕ್ಕ ಎಂದೇ ಕರೆಯುವುದು. ಕೆಟ್ಟ ಬೀಗ ರಿಪೇರಿ ಮಾಡುವುದು, ಕಳೆದ ಕೀಲಿಗೆ ಬದಲಿ ಕೀಲಿ ಮಾಡಿಕೊಡುವುದು ಅವಳ ಕಸುಬು, ಅಪ್ಪನಿಂದ ಕಲಿತದ್ದು. ಅವಳಷ್ಟು ಸೇಡಿನ ಹೆಂಗಸನ್ನು ನಾನಂತೂ ಕಂಡಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಕೀಲಿ ಉಜ್ಜುವ ಅರವನ್ನು ಒದ್ದೆ ಕೈಯಲ್ಲಿ ಮುಟ್ಟಿ ತುಕ್ಕು ಹಿಡಿಸಿದ್ದಕ್ಕೆ ಒಂದು ಮಳೆಗಾಲವಿಡೀ ನನ್ನ ಜೊತೆ ಮಾತು ಬಿಟ್ಟಿದ್ದಳು. ಒಂದು ಅರಕ್ಕೇ ಹೀಗಾದರೆ ಅವಳ ಅಪ್ಪನ ಅಂಗಡಿ ಕೆಡವಿದವನ ಗತಿ ಏನಾಗಬೇಡ? ಅದನ್ನೇ ಹೇಳಹೊರಟಿದ್ದೇನೆ. ನಾನು ಅವಳ ಕಡೆಯವಳು, ತಕ್ಕಡಿ ಹಿಡಿದು ಕೂತವಳಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನಮ್ಮದು ಹಳೇ ಪೇಟೆ ಬೀದಿ. ಕೆಳಗೆ ಅಂಗಡಿ, ಮೇಲೆ ಮನೆ. ಬಟ್ಟೆ ಒಣಹಾಕುತ್ತಲೇ ಈ ಮಹಡಿಯವಳು ಎದುರು ಮಹಡಿಯವಳ ಜೊತೆ ಗಂಟಲು ಹರಿದುಕೊಳ್ಳದೆ ಜಗಳ ಆಡಬಹುದಾಗಿತ್ತು, ಅಷ್ಟೇ ರಸ್ತೆಯ ಅಗಲ. ನಮ್ಮ ಮಹಡಿಯ ಹಿಂದಿನ ಕೋಣೆಯಲ್ಲಿ ಒಬ್ಬ ವಿಧವೆ ಮಗನನ್ನು ಕಟ್ಟಿಕೊಂಡು ಬಾಡಿಗೆಗಿದ್ದಳು. ಬಾಡಿಗೆ ಎನ್ನುವುದು ಮಾತಿಗೆ. ನಮ್ಮ ಮಾವ ಕೇಳುತ್ತಿರಲಿಲ್ಲ, ಆಕೆ ಕೊಡುತ್ತಿರಲಿಲ್ಲ. ಆ ಮಗ ನಮ್ಮ ಅಡುಗೆಮನೆಯಲ್ಲಿ ಉಂಡು, ನಮ್ಮ ಅಂಗಡಿಯ ದೀಪದಲ್ಲಿ ಓದಿ, ಬೆಳೆದು ದೊಡ್ಡವನಾಗಿ ಪುರಸಭೆಯ ಅಧ್ಯಕ್ಷನಾದ. ಆದ ವರ್ಷವೇ ಉಂಡ ಮನೆಗೆ ಎರಡು ಬಗೆದ.

ಊರಾಚೆ ಹೆದ್ದಾರಿಯ ಪಕ್ಕ ದೊಡ್ಡದೊಂದು ಕಾಂಪ್ಲೆಕ್ಸ್ ಕಟ್ಟಬೇಕು, ಜನ ಊರ ನಡುವೆ ಎಲ್ಲೂ ನಿಲ್ಲದೆ ಕಾರಿನಲ್ಲಿ ಸುಯ್ಯನೆ ಅಲ್ಲಿಗೆ ಹೋಗಬೇಕು, ಅದಕ್ಕೆ ಪೇಟೆ ಬೀದಿ ಅಗಲವಾಗಬೇಕು. ಇದು ಅವನ ತಲೆಯಲ್ಲಿ ಹೊಕ್ಕ ಹುಳ. ಬೀದಿಯ ಎರಡೂ ಕಡೆ ಅಂಗಡಿಗಳ ಅರ್ಧ ಭಾಗಕ್ಕೆ ಕೆಂಪು ಗೆರೆ ಬಿತ್ತು. ಜೆಸಿಬಿ ಬಂದ ಬೆಳಿಗ್ಗೆ ಮಾವ ಅಂಗಡಿಯ ಮುಂದೆ ಕೈ ಅಗಲಿಸಿ ನಿಂತುಬಿಟ್ಟರು. ಚಿಕ್ಕಂದಿನಿಂದ ಅವರನ್ನು ಮಾಮ ಎನ್ನುತ್ತಿದ್ದವನು ಅವತ್ತು ಹತ್ತಿರ ಬಂದು, ಬೀದಿಯವರೆಲ್ಲ ಕೇಳುವಂತೆ, "ಏ ಮುದುಕ, ಜಾಗ ಬಿಡು" ಎಂದ. ಮಾವ ಕೈ ಇಳಿಸಿದರು. ಹಿಂದಿನ ಕೋಣೆ ಸೇರಿದವರು ಮತ್ತೆ ಬೀದಿಗೆ ಮುಖ ತೋರಿಸಲಿಲ್ಲ. ವರ್ಷ ತುಂಬುವುದರೊಳಗೆ ಹೋಗಿಬಿಟ್ಟರು.

ಅಕ್ಕ ಅಳಲಿಲ್ಲ. ಮಾವನ ಹೆಣ ಮನೆಯಲ್ಲಿರುವಾಗಲೇ, "ಒಂದಲ್ಲ ಒಂದಿನ ಅವನು ಜಾಗ ಕೇಳ್ಕೊಂಡು ನನ್ ಮುಂದೆ ಬಂದು ನಿಲ್ತಾನೆ. ಇಲ್ಲ ಅಂತೀನಿ. ಆ ಮಾತು ಹೇಳೋ ತನಕ ನಾನು ಸಾಯಲ್ಲ" ಎಂದಳು.

"ಅವನು ಅಧ್ಯಕ್ಷ ಕಣೇ. ನಿನ್ ಹತ್ರ ಜಾಗ ಕೇಳೋಕೆ ಅವನಿಗೇನು ಹುಚ್ಚಾ?" ಎಂದ ನನ್ನ ಗಂಡ.

ಅವಳು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ರಸ್ತೆ ಅಗಲವಾಯಿತು, ಬೀದಿ ಸತ್ತಿತು. ಲಾರಿ ಕಾರುಗಳು ಮೈಮೇಲೆ ಬಂದಂತೆ ನುಗ್ಗುತ್ತಿದ್ದವು. ಆಚೆ ಬದಿಯ ಗಿರಾಕಿ ಈಚೆ ಬದಿಗೆ ದಾಟುವ ಗೋಜಿಗೇ ಹೋಗಲಿಲ್ಲ. ಅಂಗಡಿಯವರು ನೊಣ ಹೊಡೆಯುತ್ತಾ ಕೂತು, ಆಮೇಲೆ ಅದಕ್ಕೂ ಬೇಸತ್ತು ಬಾಗಿಲು ಹಾಕಿದರು. ಮಹಡಿಯ ಸಂಸಾರಗಳು ಧೂಳಿಗೆ, ಹಾರನ್ನಿಗೆ ಹೆದರಿ ಖಾಲಿ ಮಾಡಿದವು. ಊರಿನ ದುಡ್ಡೆಲ್ಲ ಕಾಂಪ್ಲೆಕ್ಸಿನ ರಸ್ತೆಗೆ, ಪೈಪಿಗೆ, ಸಾಲುದೀಪಕ್ಕೆ ಹೋಯಿತು. ತಲೆತಲಾಂತರದಿಂದ ಸದ್ದಿಲ್ಲದೆ ಕಂದಾಯ ಕಟ್ಟಿ ಊರನ್ನು ಸಾಕಿದ ಬೀದಿಯಲ್ಲಿ ಕೆಟ್ಟ ಬಲ್ಬ್ ಬದಲಿಸುವುದಕ್ಕೂ ಪುರಸಭೆಗೆ ಗತಿ ಇಲ್ಲದಾಯಿತು.

ಇತ್ತ ಕಾಂಪ್ಲೆಕ್ಸೂ ಕೈ ಹಿಡಿಯಲಿಲ್ಲ. ಭಾನುವಾರ ಒಂದಿಷ್ಟು ಜನ ಬಂದು ಕಣ್ಣು ತುಂಬಾ ನೋಡಿ ಹೋಗುತ್ತಿದ್ದರು, ಕೊಳ್ಳುತ್ತಿರಲಿಲ್ಲ. ಮಿಕ್ಕ ದಿನ ಕಾವಲುಗಾರನೂ ಆಕಳಿಸುತ್ತಿದ್ದ. ಒಬ್ಬೊಬ್ಬರೇ ಅಂಗಡಿಯವರು ಶಟರ್ ಎಳೆದು, ಬೀಗ ಜಡಿದು, ಹೇಳದೆ ಕೇಳದೆ ಹೊರಟುಹೋದರು. ಮಳಿಗೆಗಳನ್ನು ಬೇರೆಯವರಿಗೆ ಕೊಡಬೇಕೆಂದರೆ ಆ ಬೀಗ ತೆಗೆಸಬೇಕು. ಊರಿಗೆಲ್ಲ ಬೀಗದವಳು ಒಬ್ಬಳೇ. ಅಧ್ಯಕ್ಷ ಅಕ್ಕನಿಗೆ ಹೇಳಿಕಳಿಸಿದ.

ನನ್ನ ಗಂಡ, "ಹೋಗ್ಬೇಡ" ಎಂದ. ಅಕ್ಕ ಹೊಸ ಚಪ್ಪಲಿ ಹಾಕಿಕೊಂಡು ಹೋದಳು.

ಬೀಗದವರಲ್ಲಿ ಒಂದು ಕಟ್ಟಳೆ ಇದೆ. ಬೀಗ ಹಾಕಿದವನು ಎದುರಿಗಿರಬೇಕು, ಇಲ್ಲವೇ ಅವನ ಬಾಯಿಂದಲೇ ಒಪ್ಪಿಗೆ ಪಡೆದಿರಬೇಕು. ಅದಿಲ್ಲದೆ ಯಾರದೇ ಬೀಗ ಮುಟ್ಟುವಂತಿಲ್ಲ. ಮಾವ ಇದನ್ನು ಪ್ರಾಣದಂತೆ ಪಾಲಿಸಿದವರು. ಅಕ್ಕ ಆ ಶಟರುಗಳ ಮುಂದೆ ಕೈಕಟ್ಟಿ ನಿಂತು, "ಇವರೆಲ್ಲ ಒಪ್ಪದೆ ನಾನು ಮುಟ್ಟಲ್ಲ" ಎಂದಳು. ಅಧ್ಯಕ್ಷನಿಗೆ ಮೈ ಉರಿಯಿತು. "ಹಂಗಾದ್ರೆ ನೀನೇ ಹೋಗಿ ಒಬ್ಬೊಬ್ಬರನ್ನೂ ಹುಡುಕಿ ಒಪ್ಪಿಸ್ಕೊಂಡು ಬಾ" ಎಂದು ಕೂಗಾಡಿ, ಅವರ ವಿಳಾಸಗಳನ್ನೂ ಕೊಡಿಸಿದ. ತನ್ನ ಕೈಯಾರೆ ಕೊಡಿಸಿದ! ನೆನೆಸಿಕೊಂಡರೆ ಈಗಲೂ ಹೊಟ್ಟೆ ತಣ್ಣಗಾಗುತ್ತದೆ.

ಅಕ್ಕ ಮನೆಮನೆಗೆ ಹೋದಳು. ಕನ್ನಡಕದವನು, ಬಟ್ಟೆ ಹೊಲಿಯುವ ಅಕ್ಕತಂಗಿಯರು, ಗಡಿಯಾರ ರಿಪೇರಿಯ ಅಜ್ಜ, ಎಲ್ಲರೂ ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ಬೀಗ ತೆಗೆಯಲು ಅವರ ಒಪ್ಪಿಗೆ ಕೇಳಿದಳು, ಕೊಟ್ಟರು. ಕೊಟ್ಟ ಮೇಲೆ ಮೆಲ್ಲಗೆ, "ಅಲ್ಲಿಗೆ ಎಳ್ಳುನೀರು ಬಿಡಿ. ನಮ್ ಬೀದೀಲಿ ಅಷ್ಟೊಂದು ಜಾಗ ಯಾಕೆ, ಕಾಲು ಚಾಚೋಷ್ಟು ಸಾಕು. ನಾನು ಕೊಡ್ತೀನಿ" ಎಂದಳು.

ಅರ್ಧ ಹೋಗಿ ಉಳಿದಿದ್ದ ಮನೆಯ ಕೆಳಭಾಗವನ್ನು ಅಡ್ಡಗೋಡೆ ಹಾಕಿ ಗೂಡುಗೂಡು ಮಾಡಿದಳು. ಮೆಟ್ಟಿಲ ಕೆಳಗೆ ಗಡಿಯಾರದ ಅಜ್ಜ ಕೂತ. ಅಕ್ಕತಂಗಿಯರ ಹೊಲಿಗೆ ಯಂತ್ರ ನಮ್ಮ ಹಳೇ ಬಚ್ಚಲಲ್ಲಿ ಓಡತೊಡಗಿತು. ನಾವು ಹಿತ್ತಲಲ್ಲಿ ತಗಡು ಕಟ್ಟಿಕೊಂಡು ಸ್ನಾನ ಮಾಡಿದೆವು, ನಾನು ಬೈದುಕೊಂಡೇ ಮಾಡಿದೆ. ಮಹಡಿಯಲ್ಲಿ ಸಣ್ಣ ಸಣ್ಣ ಮನೆಗಳಾಗಿ, ಒಂದರಲ್ಲಿ ಆಸ್ಪತ್ರೆಯ ನರ್ಸ್, ಇನ್ನೊಂದರಲ್ಲಿ ಹೊಸದಾಗಿ ಮದುವೆಯಾದವರು ಬಂದರು. ಅಕ್ಕ ಅಷ್ಟಕ್ಕೇ ನಿಲ್ಲಲಿಲ್ಲ. ಬೀದಿಯ ಮಿಕ್ಕವರ ಬೆನ್ನು ಬಿದ್ದಳು. "ಮಹಡಿ ಖಾಲಿ ಇಟ್ಕೊಂಡು ಪಾರಿವಾಳ ಸಾಕ್ತೀರಾ? ಮನುಷ್ಯರನ್ನ ಇಟ್ಕೊಳ್ರಯ್ಯ" ಎಂದು ಮುಖಕ್ಕೆ ಹೊಡೆದಂತೆ ಹೇಳುವಳು. ಅವಳ ಬಾಯಿಗೆ ಹೆದರಿಯೇ ಅರ್ಧ ಬೀದಿ ರಿಪೇರಿಯಾಯಿತು.

ಅವಳು ಊರು ಉದ್ಧಾರ ಮಾಡಲು ಹೊರಟಿದ್ದಳೆಂದು ಈಗ ಮೈಕ್ ಸಿಕ್ಕಿದವರೆಲ್ಲ ಹೇಳುತ್ತಾರೆ. ಸುಳ್ಳು. ಅವನ ಕಟ್ಟಡ ಭಣಗುಡಬೇಕು, ಅವಳಿಗೆ ಬೇಕಾಗಿದ್ದದ್ದು ಇಷ್ಟೇ. ಕಾಂಪ್ಲೆಕ್ಸಿನಲ್ಲಿ ಒಂದು ಬೀಗ ತೆಗೆದು ಬಂದ ದಿನ ಎರಡು ತಟ್ಟೆ ಊಟ ಮಾಡುತ್ತಿದ್ದಳು. ಊರು ಉದ್ಧಾರವಾದದ್ದು ಅದರ ಜೊತೆಗೆ ಪುಕ್ಕಟೆ. ಗೂಡಂಗಡಿಗಳ ಕಂದಾಯ ಸೇರಿ ಪುರಸಭೆಗೆ ಉಸಿರು ಬಂತು, ಬೀದಿದೀಪ ಹತ್ತಿಕೊಂಡವು, ಕಸ ಗುಡಿಸುವವರಿಗೆ ಸಂಬಳ ಸಿಗತೊಡಗಿತು. ಅಧ್ಯಕ್ಷ ಕುರ್ಚಿ ಬಿಡದೆ ಕೂತಿದ್ದನಲ್ಲ, ಆ ಕುರ್ಚಿಯ ಕಾಲು ನಿಂತಿದ್ದೂ ನಮ್ಮ ಬೀದಿಯ ದುಡ್ಡಿನ ಮೇಲೆಯೇ.

ಬೀಗ ತೆಗೆಸಿದ ಮಳಿಗೆಗಳಿಗೆ ಹೊಸಬರು ಯಾರೂ ಬರಲಿಲ್ಲ. ಕೊನೆಗೆ ಕಾಂಪ್ಲೆಕ್ಸಿನಲ್ಲಿ ಉಳಿದದ್ದು ಒಂದೇ ಅಂಗಡಿ. ಪುಸ್ತಕ, ಪೆನ್ನು, ಬಣ್ಣದ ಪೆಟ್ಟಿಗೆ ಮಾರುವ ಅದು ಅಧ್ಯಕ್ಷನ ಮಗಳದು. ಒಂದು ಮಧ್ಯಾಹ್ನ ಆ ಹುಡುಗಿ ಕಂಕುಳಲ್ಲಿ ಮಗು ಎತ್ತಿಕೊಂಡು ನಮ್ಮ ಬಾಗಿಲಿಗೆ ಬಂದಳು.

"ಅತ್ತೆ, ನಂಗೂ ಇಲ್ಲೊಂದು ಜಾಗ..."

"ನಿಮ್ಮಪ್ಪನ್ನ ಕಳ್ಸು" ಎಂದಳು ಅಕ್ಕ.

ಆತ ಬರಲಾರ ಎಂದುಕೊಂಡೆ. ಮಗಳ ಕಣ್ಣೀರು ಏನು ಮಾಡಿಸುವುದಿಲ್ಲ? ಮಾರನೆಯ ಸಂಜೆ ಬಂದ. ಕಾರು ದೂರದಲ್ಲೇ ಬಿಟ್ಟು ನಡೆದು ಬಂದ. ಬೀದಿಗೆ ಬೀದಿಯೇ ಕೈಕೆಲಸ ಬಿಟ್ಟು ನೋಡುತ್ತಿತ್ತು. ಅಕ್ಕ ತಲೆ ಎತ್ತದೆ ಕೀಲಿಗೆ ಅರ ಉಜ್ಜುತ್ತಿದ್ದಳು.

"ಮಗಳಿಗೆ ಒಂದಿಷ್ಟು ಜಾಗ ಬೇಕಿತ್ತು" ಎಂದ.

ಅಕ್ಕ ಅರ ಕೆಳಗಿಟ್ಟಳು. ಅವನ ಮುಖವನ್ನೇ ನೋಡಿದಳು. ಅಷ್ಟು ವರ್ಷ ಬಾಯಲ್ಲಿಟ್ಟುಕೊಂಡು ಕಾದಿದ್ದ ಮಾತನ್ನು ಆತುರವಿಲ್ಲದೆ, ರುಚಿ ನೋಡುತ್ತಾ ಹೇಳಿದಳು. "ಜಾಗ ಇಲ್ಲ."

ಅವನು ಬಂದ ದಾರಿಯಲ್ಲೇ ಹೋದ. ನನಗೆ ಕುಣಿಯುವಷ್ಟು ಖುಷಿಯಾಯಿತು. ಅಕ್ಕನಿಗೆ ಮಾತ್ರ ಅವತ್ತು ಒಂದು ತಟ್ಟೆ ಊಟವೂ ಸೇರಲಿಲ್ಲ.

ಬೆಳಗಾದ ಮೇಲೆ ಅವಳೇ ಆ ಹುಡುಗಿಯ ಮನೆಗೆ ಹೋಗಿ, ಮಾವನ ಅಂಗಡಿಯಲ್ಲಿ ಕೆಡವದೆ ಉಳಿದಿದ್ದ ಮುಂಕೋಣೆಯ ಕೀಲಿ ಕೊಟ್ಟು ಬಂದಳು. ಅಷ್ಟು ದಿನ ಅದನ್ನು ಯಾರಿಗೂ ಕೊಟ್ಟಿರಲಿಲ್ಲ. "ಜಾಗ ನಿಂಗೆ. ನಿಮ್ಮಪ್ಪ ಮಾತ್ರ ಅದರೊಳಗೆ ಕಾಲಿಡಕೂಡದು. ಇಟ್ಟ ದಿನ ನಿನ್ ಪೆಟ್ಟಿಗೆ ಬೀದೀಲಿರುತ್ತೆ" ಎಂದಳಂತೆ. ಹುಡುಗಿಗೆ ಬೇರೆ ದಾರಿ ಇರಲಿಲ್ಲ, ಒಪ್ಪಿದಳು.

ಅಧ್ಯಕ್ಷನಿಗೆ ಮೊಮ್ಮಗುವಿನ ಹುಚ್ಚು. ಮಗು ದಿನವಿಡೀ ಅಂಗಡಿಯಲ್ಲಿರುತ್ತಿತ್ತು. ಅಧ್ಯಕ್ಷ ಸಂಜೆ ಸಂಜೆ ಬಂದು, ತಾನೇ ಅಗಲ ಮಾಡಿಸಿದ ರಸ್ತೆಯ ಅಂಚಿನಲ್ಲಿ ನಿಂತು ಮಗುವನ್ನು ಮಾತಾಡಿಸುತ್ತಿದ್ದ. ಹಿಂದಿನಿಂದ ಹಾರನ್, ಮುಂದೆ ಅಕ್ಕನ ಕಣ್ಣು. ಪ್ಯಾಂಟಿಗೆ ಕೆಸರು ಸಿಡಿಯುತ್ತಿತ್ತು, ಚಾಲಕರು ಬಾಯಿಗೆ ಬಂದಂತೆ ಬೈದು ಹೋಗುತ್ತಿದ್ದರು. ಅಕ್ಕ ಆ ಹೊತ್ತಿಗೆ ಸರಿಯಾಗಿ ಕೆಲಸ ತಂದು ಬಾಗಿಲ ಬಳಿಯೇ ಕೂರುವಳು. ಒಂದು ಸಂಜೆ ಲಾರಿಯೊಂದು ಸವರಿಕೊಂಡು ಹೋಗಿ ಅವನನ್ನು ಮಕಾಡೆ ಕೆಡವಿತು. ಮಂಡಿಚಿಪ್ಪು ಒಡೆಯಿತು. ಮಗು ಕಿರುಚಿಕೊಂಡಿತು.

ಕೋಲೂರಿಕೊಂಡು ಓಡಾಡುವಂತಾದ ಮೇಲೆ ಅವನು ಮಾಡಿದ ಮೊದಲ ಕೆಲಸವೆಂದರೆ ಪುರಸಭೆಯ ಸಭೆ ಕರೆದದ್ದು. ಪೇಟೆ ಬೀದಿಯಲ್ಲಿ ವಾಹನದ ದಾರಿ ಕಿರಿದಾಗಬೇಕು, ಎರಡೂ ಕಡೆ ಅಗಲದ ಕಾಲುದಾರಿ, ಮರ, ನೆರಳು ಬೇಕು ಎಂದು ಹಟ ಹಿಡಿದ. ನಡೆಯುವವರ ಕಷ್ಟದ ಬಗ್ಗೆ ಭಾಷಣ ಬಿಗಿದ. ಕೇಳಿ ನನಗೆ ನಗು ತಡೆಯಲಾಗಲಿಲ್ಲ. ಕೆಲಸ ಮುಗಿಯಿತು, ಲಾರಿಗಳು ಬೇರೆ ದಾರಿ ಹಿಡಿದವು, ಆಚೆ ಬದಿಯವರು ಈಚೆ ಬದಿಗೆ ಮಾತಾಡುತ್ತಾ ದಾಟತೊಡಗಿದರು. ಖಾಲಿಯಿದ್ದ ಕೊನೆಯ ಮಹಡಿಗೂ ಸಂಸಾರ ಬಂತು.

ಮೊನ್ನೆ ಸಂಜೆ ಅವನು ಎಂದಿನಂತೆ ಬಂದು ಹೊಸ ಕಾಲುದಾರಿಯ ಮೇಲೆ ನಿಂತ. ಕೂದಲು ಪೂರ್ತಿ ನರೆತಿದೆ. ಮಗು ಒಳಗೆ ನಿದ್ದೆ ಹೋಗಿತ್ತು. ಸ್ವಲ್ಪ ಹೊತ್ತು ಕಾಲು ಬದಲಿಸಿ ಬದಲಿಸಿ ನಿಂತು, ಅಕ್ಕನ ಕಡೆ ತಿರುಗಿ, "ಅಕ್ಕಾ, ಮಂಡಿ ಬಾಳ ನೋಯ್ತದೆ. ಒಂದು ಸ್ಟೂಲ್ ಹಾಕ್ಸು" ಎಂದ.

ಸೇಡೆಲ್ಲ ಮರೆತು ನಾನು ಸ್ಟೂಲಿಗೆ ಕೈಹಾಕಿದೆ. ಪಾಪ ಅನಿಸಿತು, ಸುಳ್ಳೇಕೆ ಹೇಳಲಿ. ಅಕ್ಕ ನನ್ನತ್ತ ಒಮ್ಮೆ ನೋಡಿದಳು. ಕೈ ಹಿಂದಕ್ಕೆ ತೆಗೆದುಕೊಂಡೆ.

"ತಪ್ಪಾಯ್ತು ಅಕ್ಕಾ" ಎಂದ ಅವನು. ಮೈಕಿನಲ್ಲಿ ಮಾತಾಡುವ ಸ್ವರವಲ್ಲ, ನಮ್ಮ ಅಡುಗೆಮನೆಯಲ್ಲಿ ಇನ್ನೊಂದು ತುತ್ತು ಕೇಳುತ್ತಿದ್ದ ಹುಡುಗನ ಸ್ವರ.

"ಗೊತ್ತು" ಎಂದಳು ಅಕ್ಕ. "ನಿಂತ್ಕೋ."

ಅವನು ನಿಂತ.